ಹೂವಿನ ಹುರ್ಮತ್ ಮತ್ತು ಗೋಡೆ ಮೇಲಿನ ರೊಟ್ಟಿ

ನಾನು ಯಾರನ್ನೂ ಸುಮ್‌ಸುಮ್ನೆ ನಂಬೋಳಲ್ಲ. ಹಾಲಿನವನು ಬಂದ್ರೆ ಮೊದಲು ಬೆರಳದ್ದಿ ನೋಡ್ತೀನಿ. ಡಾಕ್ಟರು ಮಾತ್ರೆ ಕೊಟ್ರೆ, ಪಕ್ಕದಲ್ಲಿ ಕೂತ ಹೆಂಗಸಿಗೂ ಅದೇ ಬಣ್ಣದ್ದು ಕೊಟ್ಟಿದ್ದಾರಾ ಅಂತ ವಿಚಾರಿಸಿ ಆಮೇಲೆ ನುಂಗ್ತೀನಿ. ನನ್ನ ಹೆಸರು ಇನೋಬತ್, ಇದಕ್ಕೇ ನಮ್ಮ ಬೀದಿ ಹೆಂಗಸರು ಬೆನ್ನ ಹಿಂದೆ ಪೊಲೀಸ್ ಇನೋಬತ್ ಅಂತಾರೆ. ಅಂದ್ಕೊಳ್ಳಲಿ. ಅವರ ಮನೇಲಿ ಓಲೆ ಕಳೆದುಹೋದಾಗ ಓಡಿ ಬರೋದು ನನ್ನ ಹತ್ರಾನೇ.

ಹಾಗಾಗಿ ಹೂವಿನ ಹುರ್ಮತ್ ವಿಷಯ ಹೇಳೋಕೆ ನನಗಿಂತ ಹಕ್ಕಿರೋರು ಚುಸ್ತ್ ಊರಲ್ಲೇ ಯಾರೂ ಇಲ್ಲ. ಅವಳ ಅಂಗಳಕ್ಕೂ ನಮ್ಮ ಅಂಗಳಕ್ಕೂ ನಡುವೆ ಇರೋದು ಒಂದು ಮಣ್ಣಿನ ಗೋಡೆ, ಅದೂ ಎದೆಮಟ್ಟ. ಅವಳು ಕೆಮ್ಮಿದ್ರೆ ನನಗೆ ಕೇಳುತ್ತೆ. ನಲವತ್ತರ ಹತ್ತಿರದ ಸಣಕಲು ಹೆಂಗಸು, ಯಾವಾಗ್ಲೂ ಬಸ್ ತಪ್ಪಿಹೋಗೋ ಹಾಗೆ ನಡೀತಾಳೆ. ದುಡ್ಡಿಲ್ಲದವರ ಮದುವೆಗೆ ಹೂ ಮಾಡಿಕೊಡೋದು ಅವಳ ಕಸುಬು.

ದುಡ್ಡಿದ್ದೋರಿಗೆ ಬಜಾರಿನ ಪಕ್ಕ ಅಂಗಡಿ ಇದೆ. ಅಲ್ಲಿ ಗುಲಾಬಿ ವಿಮಾನದಲ್ಲಿ ಬರುತ್ತೆ. ಬೆಲೆ ಕೇಳಿದ ಹೆಣ್ಣಿನ ಅಪ್ಪ ಅಲ್ಲೇ ಮೆಟ್ಟಿಲ ಮೇಲೆ ಕೂತ್ಕೋತಾನೆ. ಹುರ್ಮತ್ ಆ ಅಂಗಡಿ ಕಡೆ ಕತ್ತು ಕೂಡ ತಿರುಗಿಸಲ್ಲ. ಆಯಾ ಕಾಲಕ್ಕೆ ಈ ಊರ ಮಣ್ಣಲ್ಲಿ ಏನು ಅರಳುತ್ತೋ ಅಷ್ಟೇ ಅವಳ ಅಂಗಡಿ. ವಸಂತದಲ್ಲಿ ಬಾದಾಮಿ, ಏಪ್ರಿಕಾಟ್ ರೆಂಬೆಗಳು. ಬೇಸಿಗೇಲಿ ಮನೆಮನೆಯ ಗುಲಾಬಿ. ಶರತ್ಕಾಲ ಬಂತು ಅಂದ್ರೆ ಚೆಂಡು ಹೂ, ಸೇವಂತಿಗೆ, ಡೇರೆ, ಕೋಳಿಜುಟ್ಟು, ನಡುನಡುವೆ ವಾಸನೆಗೆ ಕಾಮಕಸ್ತೂರಿ. ತಂತಿ, ಪ್ಲಾಸ್ಟಿಕ್ ಏನೂ ತರಲ್ಲ. ರೇಷ್ಮೆ ಹುಳಕ್ಕೆ ಎಲೆ ಕಿತ್ತು ಬಿಸಾಕಿದ ಹಿಪ್ಪುನೇರಳೆ ಕಡ್ಡೀನ ಬಗ್ಗಿಸಿ ಹೂ ಕಟ್ಟೋ ಬಳೆ ಮಾಡ್ತಾಳೆ, ಅದರದೇ ತೊಗಟೆ ಸೀಳಿ ನೀರಲ್ಲಿ ನೆನೆಸಿ ದಾರ ಮಾಡ್ತಾಳೆ. ಆ ದಾರ ಒಣಗಿದ ಮೇಲೆ ಕತ್ತಿ ಹಾಕಿದ್ರೇ ಬಿಡಬೇಕು.

ಇಷ್ಟೆಲ್ಲ ಚೆನ್ನಾಗೇ ಇತ್ತು. ಆದ್ರೆ ನನಗೆ ತಲೇಲಿ ಹುಳ ಬಿಟ್ಟಿದ್ದು ಅವಳ ಗಂಡನ ವಿಷಯ.

ನುಸ್ರತ್ ರಷ್ಯಾಕ್ಕೆ ಕೂಲಿಗೆ ಹೋಗಿ ಮೂರು ವರ್ಷದ ಮೇಲಾಗಿತ್ತು. ನಮ್ಮ ಬೀದೀಲಿ ಹೋಗದೆ ಇರೋ ಗಂಡಸರೇ ಕಮ್ಮಿ. ನಮ್ಮ ಮಕ್ಕಳ ಅಪ್ಪ ಒಬ್ಬರು ಮಂಚ ಬಿಟ್ಟು ಎಲ್ಲೂ ಹೋಗಿಲ್ಲ. ಮುಂದಿನ ಹಲ್ಲೊಂದು ಉದುರಿದ್ರೂ ಕಟ್ಟಿಸೋಕೆ ಪಟ್ಟಣದ ತನಕ ಹೋಗದೆ ಇರೋ ಆಸಾಮಿ. ಹೋದೋರು ಹಬ್ಬಕ್ಕೋ ಹೆಣಕ್ಕೋ ಒಮ್ಮೆ ಬಂದು ಮುಖ ತೋರಿಸ್ತಾರೆ. ನುಸ್ರತ್ ತೋರಿಸಲಿಲ್ಲ. ಕೇಳಿದ್ರೆ ಹುರ್ಮತ್, “ಚೆನ್ನಾಗಿದ್ದಾರೆ ಅಕ್ಕ, ಅಲ್ಲಿ ಆಗಲೇ ಚಳಿಯಂತೆ,” ಅಂತಿದ್ಲು. ವಸಂತದಲ್ಲಿ ಕೇಳಿದ್ರೂ ಚಳಿ, ನಡುಬೇಸಿಗೇಲಿ ಕೇಳಿದ್ರೂ ಚಳಿ. ಗೋಡೆ ಈಚೆ ನಾನಿದ್ದೀನಿ, ಅವಳ ಫೋನು ರಿಂಗಾಗಿದ್ದು ನನ್ನ ಕಿವಿಗೆ ಬಿದ್ದಿಲ್ಲ.

ಅವಳು ಗಂಡನ ಜೊತೆ ಇದ್ದಾಳೋ ಇಲ್ಲವೋ ನನಗೇನು ಅಂತ ನೀವು ಕೇಳಬಹುದು. ಕೇಳಿ. ಆ ಶರತ್ಕಾಲ ನನ್ನ ತಂಗಿ ಸನೋಬರಳ ಮಗಳು ಶಾಯಿಸ್ತಾಳ ಮದುವೆ ಗೊತ್ತಾಗಿತ್ತು. ಹುಡುಗಿಗೆ ಹಿಂದೆ ಒಂದು ನೆಂಟಸ್ತಿಕೆ ಕೂಡಿಬಂದು ಮುರಿದಿತ್ತು. ಅದಾದ ಮೇಲೆ ಒಂದು ಚಳಿಗಾಲ ಪೂರ್ತಿ ಆ ಮಗು ಮನೆಯಿಂದ ಹೊರಗೆ ಬರಲಿಲ್ಲ. ಈ ಸಂಬಂಧವೂ ಮುರಿದ್ರೆ ನಮ್ಮೂರಲ್ಲಿ ಅವಳನ್ನ ಇನ್ಯಾರೂ ಕೇಳೋದಿಲ್ಲ. ಅವಳಪ್ಪ ಗಾರೆ ಕೆಲಸದೋನು, ಮಂಡಿ ಕೆಟ್ಟು ಮನೇಲಿ ಕೂತಿದ್ದ. ಅಂಗಡಿ ಗುಲಾಬಿ ಕನಸಲ್ಲೂ ಇಲ್ಲ. ಅಂದ್ರೆ ಹೂವಿಗೆ ಹುರ್ಮತ್ತೇ ಗತಿ.

ಮದುಮಗಳು ಗಂಡನ ಮನೇಲಿ ಕೂರೋ ಮೂಲೆಗೆ ನಾವು ಹೆಣ್ಣಿನ ಕಡೆಯೋರು ಹೋಗಿ ಹೂವಿನ ಪರದೆ ಕಟ್ಟಬೇಕು. ಆ ಪರದೆಗೆ ಕೈ ಹಾಕೋ ಹೆಂಗಸು ಒಂದೇ ನಿಖಾ ಆದವಳಾಗಿರಬೇಕು. ಗಂಡ ಸತ್ತಿರಬಾರದು, ಬಿಟ್ಟಿರಬಾರದು. ಇಲ್ಲದಿದ್ರೆ ಅವಳ ಹಣೆಬರಹ ಹೊಸ ಹುಡುಗಿಗೆ ಅಂಟುತ್ತೆ. ನಾನಿದನ್ನ ನಂಬ್ತೀನಿ. ಹಾಲಿನವನನ್ನ ನಂಬದೋಳು ಇದನ್ನ ಹೇಗೆ ನಂಬ್ತೀ ಅಂತ ನಮ್ಮ ಮನೆಯವರು ಹಂಗಿಸ್ತಾರೆ. ಅದು ಬೇರೆ, ಇದು ಬೇರೆ.

ಮದುವೆಗೆ ಮೂರು ದಿನ ಇರೋವಾಗ ಹುರ್ಮತ್ ಹೂ ಕೂಡಿಸೋಕೆ ಹೊರಟಳು. ನಾನೂ ಹಿಂದೆ ಹೊರಟೆ.

“ನೀವ್ಯಾಕೆ ಅಕ್ಕ, ಕಾಲು ನೋವು ಅಂತಿದ್ರಿ?” ಅಂದಳು.

“ಕದ್ದ ಹೂ ನನ್ನ ತಂಗಿ ಮಗಳಿಗೆ ಬೇಡ. ಕಣ್ಣಾರೆ ನೋಡ್ತೀನಿ.”

ಅವಳು ನಕ್ಕಳು. ಮೇಷ್ಟರ ಮನೆಯಲ್ಲಿ ದ್ರಾಕ್ಷಿ ಬಳ್ಳಿ ಸವರಿಕೊಟ್ಟು ಅದಕ್ಕೆ ಬದಲು ಕೋಳಿಜುಟ್ಟು ಕುಯ್ಕೊಂಡಳು. ಕುಂಬಾರನ ಮನೆ ಮುದುಕಿ ಸೇವಂತಿಗೆ ವಿಷಯದಲ್ಲಿ ಜಿಪುಣಿ, ಒಂದು ಹೂವೂ ಮುಟ್ಟಬೇಡ ಅಂತ ಕೋಲು ಹಿಡ್ಕೊಂಡು ಕೂತಿದ್ಲು. ಹುರ್ಮತ್ ಅವಳ ಪಕ್ಕ ಕೂತು, ಅವಳು ಸೊಸೇನ ಬೈಯೋದನ್ನ ಪೂರ್ತಿ ಕೇಳಿಸಿಕೊಂಡಳು. ಏಳೋವಾಗ ಮುದುಕಿ ತಾನೇ ಒಂದು ತಬ್ಬು ಕತ್ತರಿಸಿ ಕೊಟ್ಟಳು. ನಾನು ಮೊಗ್ಗಿಗೆ ಕೈ ಹಾಕಿದ್ರೆ, “ಬೇಡ ಅಕ್ಕ, ಈ ಚಳಿಗೆ ಇನ್ನದು ಅರಳಲ್ಲ, ಪಾಪ ಗಿಡಕ್ಕೇ ಇರಲಿ,” ಅಂತಿದ್ಲು.

ಕೊನೆಗೆ ಹತ್ತಿ ಹೊಲಕ್ಕೆ ಹೋದೆವು. ಬಿಡಿಸಿ ಮುಗಿದ ಹೊಲ. ಅಂಚಿನ ಸಾಲಲ್ಲಿ ಅಲ್ಲೊಂದು ಇಲ್ಲೊಂದು ಒಡೆದ ಕಾಯಿ ಉಳಿದಿತ್ತು. ಕಾವಲಿನವನನ್ನ ಕೂಗಿ ಕೇಳಿ, ಅವನು ಆಗಲಿ ಅಂತ ಕೈಯಾಡಿಸಿದ ಮೇಲೆ ಕಡ್ಡಿ ಸಮೇತ ಮುರ್ಕೊಂಡಳು. “ಬಿಳೀ ಹೂ ಬೇಕಲ್ಲ ಅಕ್ಕ. ಗುಲಾಬಿ ಸಂಜೆಗೆ ತಲೆ ಬಗ್ಗಿಸುತ್ತೆ. ಇದು ಶಾಯಿಸ್ತಾಗೆ ಮಗು ಆಗೋ ತನಕ ಹೀಗೇ ಇರುತ್ತೆ.” ಇಂಥ ಕೈಯಿರೋಳ ಮೇಲೆ ಅನುಮಾನ ಪಡೋಕೆ ನನಗೂ ಸಂಕಟವೇ. ಆದ್ರೂ ಪಟ್ಟೆ.

ಮಾರನೇ ದಿನ ಜರಡಿ ಬೇಕು ಅಂತ ನೆಪ ಹೇಳಿ ಅವಳ ಮನೆಗೆ ಹೋದೆ. ಅಂಗಳದಲ್ಲಿ ಅವಳು ಡೇರೆ ಹೂವಿನ ದಂಟಿನ ತುದೀನ ಬೆಂಕಿಗೆ ಹಿಡಿದು ಸುಟ್ಟು ನೀರಿಗೆ ಇಳಿಸ್ತಿದ್ಲು. ಹಾಗೆ ಮಾಡಿದ್ರೆ ಬಾಡಲ್ಲ. “ಜರಡಿ ಒಳಗಿದೆ, ತಗೊಳ್ಳಿ ಅಕ್ಕ,” ಅಂದಳು. ನನಗೆ ಬೇಕಿದ್ದಿದ್ದೂ ಅದೇ. ಒಳಗೆ ಹೋದೋಳು ಸೀದಾ ಗೋಡೆ ಮೇಲಿನ ರೊಟ್ಟಿ ಹತ್ರ ನಿಂತೆ.

ನಮ್ಮಲ್ಲಿ ಗಂಡಸು ದೂರದೂರಿಗೆ ಹೊರಟಾಗ ಹೊಸ್ತಿಲಲ್ಲಿ ನಿಂತು ಒಂದು ರೊಟ್ಟಿ ಕಚ್ಚಿ ಕೊಡ್ತಾನೆ. ಅದನ್ನ ಗೋಡೆಗೆ ನೇತುಹಾಕ್ತೀವಿ. ವಾಪಸ್ ಬಂದ ದಿನ ಉಳಿದದ್ದನ್ನ ಅವನೇ ತಿನ್ನಬೇಕು. ರೊಟ್ಟಿ ಗೋಡೆ ಮೇಲಿದ್ರೆ ಗಂಡಸು ಬರೋನಿದ್ದಾನೆ ಅಂತ ಅರ್ಥ. ಅದಕ್ಕೇ ಯಾರ ಮನೆಗೆ ಹೋದ್ರೂ ನನ್ನ ಕಣ್ಣು ಮೊದಲು ಹೋಗೋದು ಅಲ್ಲಿಗೆ.

ನುಸ್ರತ್ ಹೊರಟ ದಿನ ನಾನು ಅಲ್ಲೇ ಇದ್ದೆ. ಏಪ್ರಿಕಾಟ್ ಬೀಜ ಹಲ್ಲಲ್ಲಿ ಒಡೆಯೋಕೆ ಹೋಗಿ ಮುಂದಿನ ಹಲ್ಲು ಮುರ್ಕೊಂಡ ಮಹಾಶಯ ಅವನು. ಅವನು ಕಚ್ಚಿದ ಜಾಗದಲ್ಲಿ ನಡುವೆ ಒಂದು ತುಣುಕು ನಾಲಿಗೆ ಹಾಗೆ ಚಾಚ್ಕೊಂಡಿತ್ತು, ಎಲ್ಲರೂ ನಕ್ಕಿದ್ರು. ಈಗ ನೋಡ್ತೀನಿ, ಗೋಡೆ ಮೇಲಿನ ರೊಟ್ಟೀಲಿ ನಾಲಿಗೆಯೂ ಇಲ್ಲ, ಏನೂ ಇಲ್ಲ. ಅರ್ಧಚಂದ್ರದ ಹಾಗೆ ನುಣ್ಣಗೆ ಕಚ್ಚಿದೆ. ಮೂರು ವರ್ಷದ ರೊಟ್ಟಿ ಕಲ್ಲಾಗಿ ಬೂದು ಬಣ್ಣಕ್ಕೆ ತಿರುಗಿರಬೇಕು. ಇದರ ಎಳ್ಳು ಇನ್ನೂ ಹೊಳೀತಿದೆ. ಗಂಡ ಇನ್ನು ಬರಲ್ಲ ಅಂತ ಗೊತ್ತಾದೋಳು ಹಳೇ ರೊಟ್ಟಿ ತೆಗೆದು, ಹೊಸದು ಸುಟ್ಟು, ತಾನೇ ಕಚ್ಚಿ ನೇತುಹಾಕಿದ್ದಾಳೆ.

ಹೊರಗೆ ಬಂದು ಜರಡಿ ಕೈಲಿ ತಿರುಗಿಸ್ತಾ ಕೇಳ್ದೆ. “ನುಸ್ರತ್ ಹೊಸ ಹಲ್ಲು ಏನಾದ್ರೂ ಕಟ್ಟಿಸ್ಕೊಂಡ್ನಾ?”

ಅವಳ ಕೈಲಿದ್ದ ದಂಟು ಬೆಂಕಿ ಮೇಲೇ ನಿಂತುಹೋಯ್ತು. “ಯಾಕಕ್ಕ?”

“ಸುಮ್ನೆ ಕೇಳ್ದೆ.”

ದಂಟು ಕರಿಕಾಯ್ತು. ಅವಳು ಅದನ್ನ ಪಕ್ಕಕ್ಕಿಟ್ಟು ಇನ್ನೊಂದು ತಗೊಂಡಳು. ನಾನು ಜರಡಿ ಎತ್ಕೊಂಡು ಮನೆಗೆ ಬಂದೆ.

ರಾತ್ರಿ ಪೂರ್ತಿ ಹೊರಳಾಡಿದೆ. ತಂಗಿಗೆ ಹೇಳಿದ್ರೆ ಅವಳು ಬಾಯಿ ಬಡ್ಕೋತಾಳೆ, ಬೀದಿಗೆಲ್ಲ ಗೊತ್ತಾಗುತ್ತೆ. ಆಮೇಲೆ ಯಾವ ಮದುವೆ ಮನೆಯವರೂ ಹುರ್ಮತ್‌ನ ಹೊಸ್ತಿಲು ದಾಟಿಸಲ್ಲ. ಆ ಹೂವೇ ಅವಳ ಅನ್ನ. ಹೇಳದೆ ಇದ್ರೆ ನಮ್ಮ ಹುಡುಗಿ ಗತಿ? ಕೊನೆಗೆ ಒಂದು ದಾರಿ ಹೊಳೀತು. ಹೂವೆಲ್ಲ ಅವಳು ಜೋಡಿಸಲಿ, ಪರದೆಗೆ ಗಂಟು ಮಾತ್ರ ನಾನೇ ಹಾಕ್ತೀನಿ. ನನ್ನ ಗಂಡ ಗೊರಕೆ ಹೊಡೀತಾ ಪಕ್ಕದಲ್ಲೇ ಬಿದ್ದಿದ್ರು, ಅವರು ಇದ್ದಾರೆ ಅನ್ನೋದಕ್ಕೆ ಬೇರೆ ಸಾಕ್ಷಿ ಬೇಡ.

ಮದುವೆ ಹಿಂದಿನ ದಿನ ಹಾಸಿಗೆ, ಪೆಟ್ಟಿಗೆ, ಹೂವಿನ ಬುಟ್ಟಿ ಎಲ್ಲ ವ್ಯಾನಿಗೆ ಹೇರಿ ಗಂಡಿನ ಮನೆಗೆ ಹೋದೆವು. ಗಂಡಿನ ತಾಯಿ ಕರೋಮತ್ ಬಾಗಿಲಲ್ಲೇ ನಿಂತಿದ್ಲು. ಪುಟ್ಟ ಬಾಯಿ, ಚೂಪು ಕಣ್ಣು, ಒಂದೊಂದು ಹಾಸಿಗೇನೂ ಒತ್ತಿ ನೋಡೋ ಬೆರಳು. ನನಗೆ ಅವಳ ಮೇಲೂ ಮೊದಲಿಂದ ಅನುಮಾನವೇ. ನಿಶ್ಚಿತಾರ್ಥಕ್ಕೆ ಅವಳ ಗಂಡ, ನಮ್ಮ ಬೀಗರು, ಬಂದಿರಲಿಲ್ಲ, ರಷ್ಯಾದ ಕಜಾನ್‌ನಲ್ಲಿ ಕೆಲಸ ಬಿಡೋಕಾಗಲ್ಲ ಅಂದಿದ್ಲು. ಈಗ ಮಗನ ಮದುವೆಗೂ ಟಿಕೆಟ್ ಸಿಗಲಿಲ್ಲವಂತೆ.

ಹೂವಿನ ಬುಟ್ಟಿ ನೋಡಿ, “ಗುಲಾಬಿ ಇಲ್ವಾ?” ಅಂದಳು.

“ಗುಲಾಬಿ ಎಲ್ಲರ ಮನೇಲೂ ಇರುತ್ತೆ ಬೀಗಿತ್ತಿ,” ಅಂದೆ. “ಇದು ಸಿಗಬೇಕು ಅಂದ್ರೆ ಪುಣ್ಯ ಮಾಡಿರಬೇಕು.”

ಅವಳು ಮುಖ ಸಿಂಡರಿಸಿದಳು. ಸನೋಬರ್ ಮತ್ತೆ ಉಳಿದ ಹೆಂಗಸರು ಅಂಗಳದಲ್ಲಿ ಹಾಸಿಗೆ ಇಳಿಸ್ತಿದ್ರು. ನಾನೂ ಹುರ್ಮತ್ತೂ ಬುಟ್ಟಿ ತಗೊಂಡು ಮದುಮಕ್ಕಳ ಕೋಣೆಗೆ ಹೋದೆವು. ಕರೋಮತ್ ಹಿಂದೆಯೇ ಬಂದಳು. ಕೈಯಲ್ಲಿ ಊಟಕ್ಕೆ ಹಾಸಿದ ದಸ್ತರ್‌ಖಾನ್ ಮೇಲಿಂದ ತಂದ ಒಂದು ರೊಟ್ಟಿ.

“ಗಾಳಿ ಸುದ್ದಿ ಒಂದು ಕಿವಿಗೆ ಬಿದ್ದಿದೆ,” ಅಂದಳು. “ನಿಮ್ಮ ಹೂವಿನವಳನ್ನ ಗಂಡ ಬಿಟ್ಟಿದ್ದಾನಂತೆ. ನನಗಿರೋದು ಒಬ್ಬನೇ ಮಗ. ಈ ರೊಟ್ಟಿ ಹಿಡ್ಕೊಂಡು ಹೇಳಲಿ, ನನ್ನ ಗಂಡ ಇದ್ದಾನೆ, ನಾನು ಅವನ ಹೆಂಡತಿಯಾಗೇ ಇದ್ದೀನಿ ಅಂತ. ಹೇಳಿದ್ರೆ ಕಟ್ಟಲಿ. ಇಲ್ಲದಿದ್ರೆ ಬುಟ್ಟಿ ಎತ್ಕೊಂಡು ನೀವೆಲ್ಲ ಹೊರಡಿ.”

ನಮ್ಮಲ್ಲಿ ರೊಟ್ಟಿ ಹಿಡಿದು ಯಾರೂ ಸುಳ್ಳಾಡಲ್ಲ. ಆಡಿದೋರಿಗೆ ಅನ್ನ ಹುಟ್ಟಲ್ಲ. ಹುರ್ಮತ್ ಹತ್ತಿ ಕಡ್ಡಿಗಳನ್ನ ತಬ್ಕೊಂಡು ನಿಂತಿದ್ಲು. ಕೈ ಚಾಚಲಿಲ್ಲ, ಇಲ್ಲ ಅನ್ನಲೂ ಇಲ್ಲ. ಹೊರಗೆ ಸನೋಬರ್ ಯಾವುದಕ್ಕೋ ನಗೋದು ಕೇಳಿಸ್ತಿತ್ತು. ಪಾಪದೋಳು, ಎಷ್ಟು ತಿಂಗಳ ಮೇಲೆ ನಗ್ತಿದ್ಲೋ. ಇನ್ನು ಒಂದು ಗಳಿಗೆ ಬಿಟ್ರೆ ಆ ನಗು ನಿಲ್ಲುತ್ತೆ.

ದಾರಿ ಕಾಣದಿದ್ದಾಗ ನನ್ನ ಕಣ್ಣು ತಾನಾಗೇ ಗೋಡೆಗೆ ಹೋಗುತ್ತೆ. ಅವತ್ತೂ ಹೋಯ್ತು. ಕಪಾಟಿನ ಮೇಲ್ಗಡೆ ಬೀಗರ ದೊಡ್ಡ ಫೋಟೋ. ಎಮ್ಮೆ ಹಾಗೆ ಅಗಲವಾದ ದವಡೆ, ದಪ್ಪ ಮೀಸೆ. ಪಕ್ಕದಲ್ಲಿ ಕಸೂತಿ ಬಟ್ಟೇಲಿ ಕಟ್ಟಿ ನೇತುಹಾಕಿದ ರೊಟ್ಟಿ. ಐದು ವರ್ಷದ್ದು ಅಂತ ಅವಳೇ ಹಿಂದೆ ಹೇಳಿದ್ಲು. ನಾನು ಹತ್ತಿರ ಹೋದೆ. ರೊಟ್ಟಿ ಕೆಂಪಗೆ, ನಿನ್ನೆ ಮೊನ್ನೆ ತಂದೂರಿಂದ ಇಳಿದ ಹಾಗಿತ್ತು. ಕಚ್ಚಿದ ಗುರುತು ಒಂದು ವಾಲ್‌ನಟ್‌ನಷ್ಟು ಅಗಲ. ಆ ದವಡೆ ಇಷ್ಟು ಸಣ್ಣದಾಗಿ ಕಚ್ಚೋಕೆ ಸಾಧ್ಯವೇ ಇಲ್ಲ. ತಿರುಗಿ ಕರೋಮತಳ ಪುಟ್ಟ ಬಾಯಿ ನೋಡಿದೆ.

ಗೋಡೆಯಿಂದ ರೊಟ್ಟಿ ಬಿಚ್ಚಿ ಕೈಗೆ ತಗೊಂಡೆ. “ಪ್ರಮಾಣ ಮಾಡೋದೇ ಆದ್ರೆ ಇದರ ಮೇಲೇ ಮಾಡೋಣ ಬೀಗಿತ್ತಿ. ಮದುಮಕ್ಕಳ ಹಾಸಿಗೆಗೆ ಮೊದಲ ಹೊದಿಕೆ ಹಾಸೋದು ನೀವಲ್ವಾ? ಅದಕ್ಕೂ ಇದೇ ಶಾಸ್ತ್ರ. ಮೊದಲು ನೀವು ಹಿಡೀರಿ. ಆಮೇಲೆ ಅವಳು.”

“ನಾನು ಯಾಕೆ?”

“ಐದು ವರ್ಷದ ರೊಟ್ಟೀನ ಇಷ್ಟು ಮೆತ್ತಗೆ ಇಟ್ಟಿದ್ದೀರಲ್ಲ, ನಿಮ್ಮ ಕೈಗುಣ ದೊಡ್ಡದು. ಹಿಡೀರಿ.”

ಅವಳು ನನ್ನನ್ನ ನೋಡಿದಳು, ರೊಟ್ಟಿ ನೋಡಿದಳು. ಆಮೇಲೆ ಹೋಗಿ ಬಾಗಿಲು ಹಾಕಿದಳು. ಈಗ ಕೂಗಾಡ್ತಾಳೆ ಅಂದ್ಕೊಂಡೆ. ಅವಳು ಬಂದು ಮಡಚಿಟ್ಟ ಹಾಸಿಗೆ ಮೇಲೆ ಕುಕ್ಕರಿಸಿದಳು.

“ಅಲ್ಲೇ ಒಬ್ಬಳನ್ನ ಕಟ್ಕೊಂಡಿದ್ದಾನೆ,” ಅಂದಳು. “ಮಗು ಬೇರೆ ಇದೆಯಂತೆ. ಫೋನಲ್ಲೇ ಮೂರು ಸಲ ತಲಾಖ್ ಹೇಳಿ ಮುಗಿಸ್ದ. ನನ್ನ ಮಗನಿಗೂ ಗೊತ್ತಿಲ್ಲ. ನನ್ನ ಕೈಯಂತೂ ಹೀಗಾಯ್ತು, ನಿಮ್ಮ ಕಡೆ ಕೈಯಾದ್ರೂ ನೆಟ್ಟಗಿರಲಿ, ಹುಡುಗರು ಚೆನ್ನಾಗಿ ಬಾಳಲಿ ಅಂತ ರೊಟ್ಟಿ ಹಿಡಿಸೋಕೆ ಬಂದೆ. ನಿಮ್ಮನ್ನ ಅವಮಾನ ಮಾಡೋಕಲ್ಲ.”

ಹುರ್ಮತ್ ಮೆಲ್ಲಗೆ ಅವಳ ಪಕ್ಕ ಹೋಗಿ ಕೂತಳು.

“ನನಗೂ ಫೋನಲ್ಲೇ,” ಅಂದಳು. “ನಾನು ಆವಾಗ ಹೊಲದಂಚಲ್ಲಿ ಒಬ್ಬಳೇ ಕೂತು ಹೂ ಕಟ್ತಾ ಇದ್ದೆ. ಸ್ಪೀಕರ್ ಹಾಕಿ ಪಕ್ಕದಲ್ಲಿಟ್ಟಿದ್ದೆ.”

“ಯಾರಿಗೂ ಹೇಳಲಿಲ್ವಾ?”

“ಹೇಳಿದ್ರೆ ಯಾರು ಕರೀತಾರೆ?”

ಕರೋಮತ್ ಅವಳ ಕಡೆ ತಿರುಗಿ, “ಅವನ ಹಳೇ ರೊಟ್ಟಿ ಏನ್ ಮಾಡ್ದೆ?” ಅಂತ ಕೇಳಿದಳು.

“ನೆನೆಸಿ ಕೋಳಿಗೆ ಹಾಕ್ದೆ. ನೀವು?”

“ಕಾಲುವೆಗೆ ಬಿಟ್ಟೆ. ಒಂದು ವಾರ ನಿದ್ದೆ ಬರಲಿಲ್ಲ.”

ನನಗೆ ಅಳು ಬಂತು. ಸಿಟ್ಟೂ ಬಂತು, ಇವರ ಮೇಲಲ್ಲ. ಆ ಎಮ್ಮೆ ದವಡೆ ಫೋಟೋನ ಗೋಡೆ ಕಡೆ ತಿರುಗಿಸಿಬಿಡೋಣ ಅನ್ನಿಸ್ತು. ನನ್ನ ಅನುಮಾನ ಎರಡೂ ಕಡೆ ನಿಜವಾಗಿತ್ತು, ಜೀವನದಲ್ಲಿ ಮೊದಲ ಸಲ ಸುಳ್ಳಾಗಬಾರದಿತ್ತಾ ಅನ್ನಿಸ್ತು. ಶಾಸ್ತ್ರ ಸರಿಯಾಗಿ ಹಿಡಿದ್ರೆ ನಮ್ಮೂರಲ್ಲಿ ಇನ್ನು ಯಾವ ಮದುವೆಗೂ ಪರದೆ ಏಳಲ್ಲ. ಎಲ್ಲರ ಮನೆ ಗೋಡೇಲೂ ರೊಟ್ಟಿ ಇದೆ, ಒಳಗೆ ಏನಿದೆಯೋ ಯಾರಿಗೆ ಗೊತ್ತು.

ಬಾಗಿಲು ಬಡಿದ ಸದ್ದು. ಸನೋಬರ್. “ಒಳಗೇನ್ ಮಾಡ್ತಿದ್ದೀರ, ಎಷ್ಟು ಹೊತ್ತು?”

ನಾನು ಬಾಯಿ ತೆರೆಯೋಕೆ ಮುಂಚೆ ಕರೋಮತ್ ಕೂಗಿ ಹೇಳಿದಳು. “ಹೂ ಕಟ್ತಾ ಇದ್ದೀವಿ ಬೀಗಿತ್ತಿ. ಒಂದು ಗಳಿಗೆ ತಡೀರಿ.”

ಎದ್ದು ಹೋಗಿ ಸ್ಟೂಲು ತಂದಳು. ನಾನು ತೊಗಟೆ ದಾರ ಕೈಲಿ ಹಿಡಿದು ನಿಂತಿದ್ದೆ. ಗಂಟು ನನ್ನದೇ ಅಂತ ರಾತ್ರಿಯಿಡೀ ಲೆಕ್ಕ ಹಾಕಿದ್ನಲ್ಲ. ಹುರ್ಮತ್ ದೂರದಲ್ಲೇ ನಿಂತು ನನ್ನ ಕೈಯನ್ನೇ ನೋಡ್ತಿದ್ಲು. ಅವಳಿಗೆ ನನ್ನ ಲೆಕ್ಕ ಗೊತ್ತಾಗಿತ್ತು ಅಂತ ಕಾಣುತ್ತೆ. ದಾರ ಅವಳ ಕಡೆ ಚಾಚಿದೆ.

“ಹತ್ತು,” ಅಂದೆ. “ನನ್ನ ಗಂಟು ನಿಲ್ಲಲ್ಲ. ಮದುಮಗಳ ತಲೆ ಮೇಲೆ ಬಿದ್ರೆ ಇನ್ನೊಂದು ಗಲಾಟೆ.”

ಅವಳು ಹತ್ತಿದಳು. ಕರೋಮತ್ ಸ್ಟೂಲು ಹಿಡ್ಕೊಂಡಳು. ನಾನು ಒಂದೊಂದೇ ಹೂ ಎತ್ತಿ ಕೊಟ್ಟೆ. ಕೆಂಪು ಕೋಳಿಜುಟ್ಟು ಮೇಲೆ, ಕೆಳಗೆ ಚೆಂಡು ಹೂ, ಸೇವಂತಿಗೆ, ಕೊನೆಗೆ ಬಿಳೀ ಹತ್ತಿ. ಕೊನೇ ಎರಡು ಗಂಟು ಕರೋಮತ್ ಕೈಲಿ ಹಾಕಿಸಿದೆವು, ಒಂದು ನಾನೂ ಹಾಕಿದೆ. ಮೂರು ಜನದ ಕೈಯೂ ಬಿತ್ತು. ಯಾರ ಹಣೆಬರಹ ಯಾರಿಗೆ ಅಂಟಬೇಕೋ ದೇವರೇ ವಿಂಗಡಿಸ್ಕೊಳ್ಳಲಿ.

ಮದುವೆ ಸಾಂಗವಾಗಿ ಆಯ್ತು. ಆ ಬಿಳುಪಿನ ಕೆಳಗೆ ಶಾಯಿಸ್ತಾ ತಲೆ ಬಗ್ಗಿಸಿ ಕೂತಿದ್ದು ನೋಡಿ ನನಗೆ ದೃಷ್ಟಿ ತೆಗೀಬೇಕು ಅನ್ನಿಸ್ತು. ಗಂಡಿನ ಕಡೆ ಹೆಂಗಸರು ಬಂದು, ಈ ಬಿಳೀ ಹೂ ಯಾವ ದೇಶದ್ದು, ಯಾವ ಅಂಗಡಿ ಅಂತ ವಿಚಾರಿಸಿದರು. ಕರೋಮತ್, “ನಮ್ಮ ಹುರ್ಮತ್ ಮಾಡಿದ್ದು. ನಿಮ್ಮ ಮಗಳಿಗೆ ಬೇಕಾದ್ರೆ ಈಗಲೇ ಹೇಳಿಡಿ, ಆಮೇಲೆ ಸಿಗಲ್ಲ,” ಅಂದಳು.

ಎಲ್ಲ ಮುಗಿದ ಮೇಲೆ ಒಂದು ಬೆಳಿಗ್ಗೆ ನಾನು ತಂದೂರಿಂದ ರೊಟ್ಟಿ ಇಳಿಸಿ, ಒಂದನ್ನ ನಮ್ಮ ಮಕ್ಕಳ ಅಪ್ಪನ ಮುಂದೆ ಹಿಡಿದೆ.

“ಕಚ್ಚಿ.”

“ಚಾ ಎಲ್ಲಿ?”

“ಚಾ ಆಮೇಲೆ. ಮುಂದಿನ ಹಲ್ಲಲ್ಲಿ ದೊಡ್ಡದಾಗಿ ಒಂದು ಬಾಯಿ ಕಚ್ಚಿ, ಉಳಿದದ್ದು ಕೊಡಿ.”

ಅವರು ರೊಟ್ಟಿ ನೋಡಿದರು, ಗೇಟಿನ ಕಡೆ ನೋಡಿದರು, ನನ್ನ ಮುಖ ನೋಡಿದರು. “ನನ್ನನ್ನ ಎಲ್ಲಿಗೆ ಕಳಿಸ್ತಿದ್ದೀಯೇ ಈ ವಯಸ್ಸಲ್ಲಿ?”

“ಎಲ್ಲಿಗೂ ಇಲ್ಲ. ಕಚ್ಚಿ ಅಂದ್ರೆ ಕಚ್ಚಿ.”

ಅನುಮಾನದಲ್ಲೇ ಕಚ್ಚಿದರು. ಉದುರಿದ ಹಲ್ಲಿನ ಜಾಗದಲ್ಲಿ ಒಂದು ತುಣುಕು ನಾಲಿಗೆ ಹಾಗೆ ಉಳೀತು. ನುಸ್ರತ್ ಕಚ್ಚಿದ್ದಕ್ಕೂ ಅದಕ್ಕೂ ವ್ಯತ್ಯಾಸವೇ ಇರಲಿಲ್ಲ. ನಾನು ಇನ್ನೊಂದು ರೊಟ್ಟಿ ಹಿಡಿದೆ.

“ಇದಕ್ಕೆ ಪಕ್ಕದ ಹಲ್ಲು. ದವಡೆ ಅಗಲ ಮಾಡಿ.”

“ಎರಡು ಊರಿಗೆ ಕಳಿಸ್ತೀಯಾ?” ಅಂದರು. ಆದ್ರೂ ಕಚ್ಚಿದರು.

ಅಗಲವಾಗಿ ಕಚ್ಚಿದ್ದನ್ನ ಬಟ್ಟೇಲಿ ಸುತ್ತಿ ಶಾಯಿಸ್ತಾಗೆ ಕಳಿಸೋ ತಿಂಡಿ ತಟ್ಟೆಯ ತಳಕ್ಕೆ ಇಟ್ಟೆ, ಅವಳತ್ತೆ ಕರೋಮತ್ ಕೈಗೇ ಕೊಡ್ಬೇಕು ಅಂತ ಹೇಳಿ ಕಳಿಸ್ದೆ. ನಾಲಿಗೆ ಉಳಿದ ರೊಟ್ಟಿ ತಗೊಂಡು ಅಂಗಳದ ಗೋಡೆ ಹತ್ರ ಹೋಗಿ ಹುರ್ಮತ್‌ನ ಕರೆದೆ.

“ತಗೋ. ನಿನ್ನ ಬಾಯಿ ಸಣ್ಣದು, ಯಾರಾದ್ರೂ ನೋಡಿದ್ರೆ ತಿಳಿಯುತ್ತೆ. ಇದನ್ನ ಬಿಸಿಲಲ್ಲಿ ಒಣಗಿಸಿ, ಹೊಗೆ ಹಾಕಿ, ಬೂದಿ ಬಣ್ಣಕ್ಕೆ ಬಂದ ಮೇಲೆ ನೇತುಹಾಕು.”

ಅವಳು ರೊಟ್ಟಿ ತಿರುಗಿಸಿ ಆ ಕಚ್ಚಿದ ಜಾಗ ನೋಡಿದಳು, ನಡುವೆ ಉಳಿದ ತುಣುಕಿನ ಮೇಲೆ ಬೆರಳಿಟ್ಟಳು. ಗೋಡೆಗೆ ಆತು ನಿಂತು ತುಂಬಾ ಹೊತ್ತು ಅತ್ತಳು. ನಾನೂ ಈ ಕಡೆ ನಿಂತೇ ಇದ್ದೆ.

ನಮ್ಮ ಮನೆಯವರಿಗೆ ಏನನ್ನಿಸ್ತೋ ಏನೋ, ಅವತ್ತು ಸಂಜೆ ತನಕ ಗೇಟಿನಾಚೆ ಕಾಲಿಡಲಿಲ್ಲ. ಚಹಾದಂಗಡಿಗೆ ಗೆಳೆಯರು ಬಂದು ಕೂಗಿದ್ರೂ ಹೋಗಲಿಲ್ಲ. ಮಂಚದ ಮೇಲೆ ಕೂತು ನಾನು ಎಲ್ಲಿ ಹೋದ್ರೂ ಕಣ್ಣಲ್ಲಿ ಕಣ್ಣಿಟ್ಟು ನೋಡ್ತಾ ಇದ್ದರು. ನಾನು ಏನೂ ಬಿಡಿಸಿ ಹೇಳಲಿಲ್ಲ. ಚಾ ಮಾಡಿ ಅವರ ಪಕ್ಕದಲ್ಲೇ ಕೂತ್ಕೊಂಡೆ.